ಎಂಜಿನ್ನಿನ ಹಣೆಯ ಕುಂಕುಮ

ಶನಿವಾರ ಬೆಳಿಗ್ಗೆ, ನಾನೀಗಿರುವ ಪರದೇಶದ ಊರು ವಾಲ್ನಟ್ ಕ್ರೀಕ್. ಆಟಿಕೆ ರೈಲು ರಿಪೇರಿಯವನು ನಾನು ದುರಸ್ತಿಗೆ ಕೊಟ್ಟ ನಮ್ಮ ಕಾಕಾನ ಎಂಜಿನ್ನಿನ ಫೋಟೊ ಕಳಿಸಿ, ಮುಂಭಾಗದ ಕೆಂಪು ಕಲೆಯನ್ನೂ ತೆಗೆಯಬೇಕೇ ಎಂದು ಕೇಳಿದ್ದಾನೆ.

ಹುಬ್ಬಳ್ಳಿಯ ಮನೆಯಲ್ಲಿ ಕಾಕಾ ಆ ಬ್ರಿಟಿಷ್ ಡೀಸೆಲ್ ಎಂಜಿನ್ನಿನ ಮಾದರಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದರ ಹಣೆಯ ಪುಟ್ಟ ಕಿಟಕಿಯಲ್ಲಿ, ಅದು ಯಾವ ಗಾಡಿಯೆಂದು ಸಿಗ್ನಲ್ಲಿನವರಿಗೆ ತಿಳಿಸುವ ನಾಲ್ಕು ಅಂಕಿ-ಅಕ್ಷರಗಳಿದ್ದವು. ಬ್ರಿಟನ್ನಿನಲ್ಲಿ ಆ ಪದ್ಧತಿ ಬಿಟ್ಟರೆಂದು ಓದಿದ ದಿನವೇ ಕಾಕಾ, ಅಲ್ಲಿನವರಂತೆ, ನಾಲ್ಕು ಸೊನ್ನೆ ಅಂಟಿಸಿದ.

"ನಿನ್ನ ಗಣಿತದ ಮಾರ್ಕ್ಸ್ ಇದಕ್ಯಾಕ ಹಚ್ಚೀಯೋ?" ಎಂದಳು ಅಜ್ಜಿ.

ಮುಂದೆ ಅಲ್ಲಿ ಸೊನ್ನೆಗಳೂ ಹೋಗಿ, ಕಪ್ಪು ಪಟ್ಟಿಯ ಮೇಲೆ ಎರಡು ಬಿಳಿ ಚುಕ್ಕೆಗಳು ಬಂದವು. ಕಾಕಾ ಉಸಿರು ಬಿಗಿಹಿಡಿದು ಅವನ್ನೂ ಬರೆದ. ಆಯುಧಪೂಜೆಯ ದಿನ ಅಜ್ಜಿ ಹೊಲಿಗೆ ಯಂತ್ರ, ಸೈಕಲ್ಲು, ಈಳಿಗೆಗಳಿಗೆಲ್ಲ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತ ಬಂದು, ಆ ಎರಡು ಚುಕ್ಕೆಗಳ ನಡುವೆಯೂ ಒಂದು ಬೊಟ್ಟಿಟ್ಟಳು.

"ಅವ್ವಾ! ಇಂಗ್ಲೆಂಡಿನ್ಯಾಗ ಹಿಂಗಿರಂಗಿಲ್ಲ!" ಕಾಕಾ ಚೀರಿದ.

"ಕಣ್ಣೆರಡು ಬರದಿ, ಹಣಿ ಬೋಳ ಬಿಟ್ಟಿದ್ದಿ. ಅಲ್ಲಿ ಹಚ್ಚಾಕ ಅವರವ್ವ ಇಲ್ಲ, ಅದಕ್ಕ ಹಂಗ."

ಕಾಕಾ ಒರೆಸಲು ಬಟ್ಟೆಯ ಚೂರೊಂದನ್ನು ತಂದ. ಆದರೆ ಪೂಜೆಯ ಕುಂಕುಮ ಒರೆಸುವ ಧೈರ್ಯ ಅವನಿಗೆ ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮನೆಗೆ ಬಂದವರು ಅದೇನೆಂದು ಕೇಳಿದರೆ ಗಂಭೀರವಾಗಿ, "ಅದು ಹುಬ್ಬಳ್ಳಿ ಗಾಡಿ ಗುರುತ್ರೀ" ಎನ್ನುತ್ತಿದ್ದ.

ಕಲೆ ಉಳಿದರೆ ಎಂಜಿನ್ನು ಅಸಲಿಯಂತೆ ಕಾಣುವುದಿಲ್ಲ ಎಂದು ರಿಪೇರಿಯವನು ಎಚ್ಚರಿಸಿದ್ದಾನೆ. "ಅದು ಹುಬ್ಬಳ್ಳಿ ಗಾಡಿಯ ಗುರುತು, ಮುಟ್ಟಬೇಡಿ" ಎಂದು ಅವನಿಗೆ ಬರೆಯಲು ತೀರ್ಮಾನಿಸಿದ್ದೇನೆ. ಇನ್ನೂ ಕಳಿಸಿಲ್ಲ.