ಸೂರತ್ತಿಗೆ ವರ್ಗವಾದ ಗುಮಾಸ್ತ

ಗುಜರಾತಿನಲ್ಲಿ ಪಾನನಿಷೇಧ. ಹಾಗಾಗಿ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನ ನಮ್ಮ ಕ್ಲಬ್ಬಿನಲ್ಲಿ ಭಾನುವಾರ ಸಂಜೆ ಗಂಡಸರು ನಿಂಬೆ ಶರಬತ್ತಿನ ಲೋಟ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕಿತ್ತು. ಅರವತ್ತರ ದಶಕದ ಕೊನೆಯ ವರ್ಷಗಳು. ಹೌಸಿ, ಇಸ್ಪೀಟು, ವರ್ಷಕ್ಕೊಮ್ಮೆ ಮಕ್ಕಳ ಫ್ಯಾನ್ಸಿ ಡ್ರೆಸ್, ಅಷ್ಟೇ. ಆಗ ಆರು ತಿಂಗಳ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿದ್ದ ಎಂಜಿನಿಯರೊಬ್ಬರು ಮರಳಿ ಬಂದರು. ಅಲ್ಲಿನ ಟೆಲಿವಿಷನ್ನಿನಲ್ಲಿ ವಾರವಾರವೂ ನೋಡುತ್ತಿದ್ದ ಒಂದು ಆಟವನ್ನು ಕೈ ಬಾಯಿ ತಿರುಗಿಸಿ ವರ್ಣಿಸಿದರು. ಟೆಲಿವಿಷನ್ ಎಂಬುದನ್ನೇ ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಆದರೆ ಆಟ ಎಲ್ಲರಿಗೂ ತಕ್ಷಣ ಅರ್ಥವಾಯಿತು. ಯಾರೂ ಕೇಳಿರದ ಒಂದು ಶಬ್ದ ಕೊಡುತ್ತಾರೆ. ಒಂದು ತಂಡದ ಮೂವರು ಅದಕ್ಕೆ ಮೂರು ಅರ್ಥ ಹೇಳುತ್ತಾರೆ. ಒಂದು ನಿಜ, ಎರಡು ಬ್ಲಫ್. ನಿಜ ಯಾವುದೆಂದು ಎದುರು ತಂಡ ಕಂಡುಹಿಡಿಯಬೇಕು.

ಡಿಕ್ಷನರಿ ತೆಗೆದರೆ ಅರ್ಧ ಕ್ಲಬ್ಬು ಎದ್ದು ಹೋಗುತ್ತದೆಂದು ನಮ್ಮಲ್ಲಿ ಶಬ್ದದ ಬದಲು ವಸ್ತು ಇಡುವುದೆಂದಾಯಿತು. ಯಾರಾದರೂ ಮನೆಯಿಂದ ಒಂದು ವಿಚಿತ್ರ ವಸ್ತು ತರಬೇಕು, ಅದರ ಬಗ್ಗೆ ಮೂವರು ಮೂರು ಕಥೆ ಹೇಳಬೇಕು. ಎರಡೇ ವಾರದಲ್ಲಿ ನನ್ನ ಗಂಡ ಈ ಆಟದ ರಾಜರಾದರು. ಸುಳ್ಳು ಹೇಳುವಾಗ ಅವರು ಅವಸರ ಮಾಡುತ್ತಿರಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮರೆತದ್ದನ್ನು ನೆನೆಸಿಕೊಳ್ಳುವವರ ಹಾಗೆ ಕಣ್ಣು ಕಿರಿದು ಮಾಡಿ, ಒಂದೊಂದೇ ವಿವರ ಇಡುತ್ತಿದ್ದರು. ನಾನು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇನೆ. ಅದನ್ನು ನೆನೆದರೆ ಈಗಲೂ ಎದ್ದು ಹೋಗಿ ಕೈ ತೊಳೆದುಕೊಳ್ಳಬೇಕೆನಿಸುತ್ತದೆ.

ಇದಕ್ಕೆ ನಾಲ್ಕು ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ಪಕ್ಕದ ಕ್ವಾರ್ಟರ್ಸಿನ ಗುಜರಾತಿ ಬೆನ್ (ಅಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಅಕ್ಕ ಎನ್ನುವಂತೆ ಹಾಗೆ ಕರೆಯುತ್ತಿದ್ದರು) ನನಗೊಂದು ಸುದ್ದಿ ತಂದಿದ್ದರು. ಬರೋಡದಲ್ಲಿ ಅವರ ನಾದಿನಿಯ ಮಕ್ಕಳು ಓದುವ ಇಂಗ್ಲಿಷ್ ಶಾಲೆಯಲ್ಲಿ ಸಣ್ಣ ತರಗತಿಗಳಿಗೆ ಟೀಚರ್ ಬೇಕಾಗಿದ್ದಾರೆ ಎಂದು. ಮೈಸೂರಿನಲ್ಲಿ ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಓದಿದವಳು ನಾನು. ಬಿ.ಎ. ಆಗಿತ್ತು. ಮಗಳು ಟೌನ್‌ಶಿಪ್ಪಿನ ಶಾಲೆಗೆ ಸೇರಿದ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಯಲ್ಲಿ ಇರುತ್ತಿದ್ದುದು ನಾನು ಮತ್ತು ಗೋಡೆ ಗಡಿಯಾರ. ಅರ್ಜಿಯನ್ನು ಮೂರು ಸಲ ಬರೆದೆ. ಸಿಸ್ಟರ್‌ಗಳು ಕಲಿಸಿದ ಅಕ್ಷರದಲ್ಲಿ, ಅಂಚು ಬಿಟ್ಟು, ಬ್ಲೂ ಬ್ಲ್ಯಾಕ್ ಇಂಕಿನಲ್ಲಿ. ಸರ್ಟಿಫಿಕೇಟಿನ ನಕಲುಗಳನ್ನೂ ಇಟ್ಟು ಕವರು ಅಂಟಿಸಿದೆ. ಶನಿವಾರ ಬರೋಡಕ್ಕೆ ಆಫೀಸಿನ ಕೆಲಸವಿದೆ, ನಾನೇ ಕೊಟ್ಟು ಬರುತ್ತೇನೆ ಎಂದು ನನ್ನ ಗಂಡ ಅದನ್ನು ತೆಗೆದುಕೊಂಡು ಹೋದರು.

ಆ ಸಂಜೆ ಕಾಫಿ ಕುಡಿಯುತ್ತ ಅವರು ಶಾಲೆಯ ಗುಮಾಸ್ತನ ವಿಷಯ ಹೇಳಿದರು. ಅವನ ಕನ್ನಡಕದ ಒಂದು ಕಡ್ಡಿ ಮುರಿದು ಕಿವಿಗೆ ಬಿಳಿ ದಾರ ಸುತ್ತಿಕೊಂಡಿದ್ದನಂತೆ. ಸೀಲು ಒತ್ತಲು ಹೋದರೆ ಸ್ಟಾಂಪ್ ಪ್ಯಾಡ್ ಒಣಗಿ ಕಟ್ಟಿಗೆಯಾಗಿತ್ತಂತೆ. ಅವನು ಸ್ವಲ್ಪವೂ ಯೋಚಿಸದೆ ತಾನು ಕುಡಿಯುತ್ತಿದ್ದ ಸಾಸರಿನಿಂದ ಎರಡು ಹನಿ ಟೀ ಪ್ಯಾಡಿನ ಮೇಲೆ ಬಿಟ್ಟು, ಬೆರಳಿನಿಂದ ಸವರಿ, ಠಪ್ಪನೆ ಒತ್ತಿದನಂತೆ. "ನಿನ್ನ ಅರ್ಜಿ ಘಮಘಮ ಅಂತಿದೆ ಕಣೇ, ಬೇಡ ಅನ್ನೋಕೆ ಆಗಲ್ಲ ಅವರಿಗೆ" ಎಂದರು. ನಾನು ಎಷ್ಟು ನಕ್ಕೆನೆಂದರೆ ಮರುದಿನ ಪಕ್ಕದ ಬೆನ್‌ಗೂ ಹೇಳಿ ನಗಿಸಿದೆ. ಮೈಸೂರಿನಲ್ಲಿದ್ದ ಅಮ್ಮನಿಗೆ ಕಾಗದದಲ್ಲೂ ಬರೆದೆ.

ಆಮೇಲೆ ಕಾದೆ. ಹನ್ನೊಂದೂವರೆಗೆ ಪೋಸ್ಟ್‌ಮ್ಯಾನ್ ಬರುತ್ತಿದ್ದ. ಅವನ ಸೈಕಲ್ಲಿನ ಬೆಲ್ಲು ಕೇಳಿದರೆ ಒಲೆ ಸಣ್ಣ ಮಾಡಿ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಿದ್ದೆ. ಸಂಜೆ ನನ್ನ ಗಂಡ ಶೂ ಬಿಚ್ಚುತ್ತ ತಾವಾಗಿಯೇ ಕೇಳುತ್ತಿದ್ದರು, ಏನಾದರೂ ಬಂತೇ ಎಂದು. ಇಲ್ಲವೆಂದರೆ ಬರುತ್ತೆ ಬಿಡು ಎನ್ನುತ್ತಿದ್ದರು. ಜೂನ್‌ನಲ್ಲಿ ಶಾಲೆ ತೆರೆಯಿತು. ಒಂದು ದಿನ ಅವರು, ಯಾರಿಂದಲೋ ಕೇಳಿದೆ, ಗುಜರಾತಿ ಬರುವವರೇ ಬೇಕಂತೆ ಎಂದರು. ಮುಂದಿನ ವರ್ಷಕ್ಕಾದರೂ ಆಗಲಿ ಎಂದು ನಾನು ಬೆನ್ ಹತ್ತಿರ ಒಂದನೇ ಕ್ಲಾಸಿನ ಗುಜರಾತಿ ಪುಸ್ತಕ ಕೇಳಿ ತಂದೆ. ಮಧ್ಯಾಹ್ನ ಮಗಳ ಸ್ಲೇಟಿನ ಮೇಲೆ ತಲೆಕಟ್ಟಿಲ್ಲದ ಆ ಅಕ್ಷರಗಳನ್ನು ತಿದ್ದುತ್ತಿದ್ದೆ. ನನ್ನ ಗಂಡ ಅದನ್ನೂ ನೋಡಿದರು. ಚೆನ್ನಾಗಿ ಬರೀತೀಯ ಎಂದರು.

ಆಗಸ್ಟ್‌ನ ಒಂದು ಭಾನುವಾರ. ಹೊರಗೆ ಮಳೆ, ಕ್ಲಬ್ಬಿನ ವೆರಾಂಡದ ತುಂಬ ಕೊಡೆ. ಅಂದು ಮೊದಲ ಸಲ ನನ್ನನ್ನೂ ಆಡಲು ಕೂರಿಸಿದರು. ನಾನು, ಪಕ್ಕದ ಬೆನ್, ಅವರ ಗಂಡ ಒಂದು ತಂಡ. ಎದುರಿಗೆ ನನ್ನ ಗಂಡ ಮತ್ತು ಇನ್ನಿಬ್ಬರು. ಮೇಜಿನ ಮೇಲೆ ಒಂದು ಹಿತ್ತಾಳೆ ಬಿಲ್ಲೆ, ನಡುವೆ ತೂತು, ಮೇಲೆ ಸವೆದ ನಂಬರು. ಒಬ್ಬರು ಅದು ಅಹಮದಾಬಾದಿನ ಬಟ್ಟೆ ಮಿಲ್ಲಿನ ಹಾಜರಿ ಬಿಲ್ಲೆ ಎಂದರು. ಅವರ ಮಾವ ಅಲ್ಲಿ ಜಾಬರ್, ಅಂದರೆ ಮೇಸ್ತ್ರಿ, ಆಗಿದ್ದರಂತೆ. ಇನ್ನೊಬ್ಬರು ಎಮ್ಮೆಯ ಕೊರಳಿನದು ಎಂದು ಏನೋ ಹೇಳಿ ತಾವೇ ನಕ್ಕುಬಿಟ್ಟರು.

ಮೂರನೆಯವರು ನನ್ನ ಗಂಡ. ಕನ್ನಡಕ ಒರೆಸಿದರು. ಸೂರತ್ತಿನ ಒಂದು ಕಚೇರಿಗೆ ಅರ್ಜಿ ಕೊಡಲು ಹೋಗಿದ್ದೆ ಎಂದು ಹಿಂದಿಯಲ್ಲಿ ನಿಧಾನವಾಗಿ ಆರಂಭಿಸಿದರು. ಸರದಿಗೆ ಈ ಬಿಲ್ಲೆ ಕೊಟ್ಟರು. ನನ್ನ ಸರದಿ ಬಂದಾಗ ನೋಡುತ್ತೇನೆ, ಗುಮಾಸ್ತ ಕಿವಿಗೆ ಬಿಳಿ ದಾರ ಸುತ್ತಿಕೊಂಡಿದ್ದಾನೆ. ಕನ್ನಡಕದ ಕಡ್ಡಿ ಮುರಿದಿದೆ. ಸ್ಟಾಂಪ್ ಪ್ಯಾಡ್ ಒಣಗಿದೆ. ಏನು ಮಾಡಿದ ಹೇಳಿ? ಸಾಸರಿನಿಂದ ಎರಡು ಹನಿ...

ಕ್ಲಬ್ಬು ನಗೆಯಿಂದ ತುಂಬಿತು. ನನ್ನ ಎರಡೂ ಕಿವಿ ಬಿಸಿಯಾದದ್ದು ನೆನಪಿದೆ. ಶರಬತ್ತಿನ ಲೋಟದ ಹೊರಗಿನ ನೀರು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು, ನಾನು ಅದನ್ನು ಕೆಳಗಿಡಲಿಲ್ಲ. ಪಕ್ಕದ ಬೆನ್ ಖುಷಿಯಿಂದ ನನ್ನ ಮೊಣಕೈ ತಿವಿದು, "ಬೆನ್, ಇದು ನಿಮ್ಮ ಶಾಲೆಯ ಗುಮಾಸ್ತ ಅಲ್ವಾ? ಇದೇ ನಿಜ, ಇದನ್ನೇ ಹೇಳೋಣ" ಎಂದು ಪಿಸುಗುಟ್ಟಿದರು. ಮರುಕ್ಷಣ ಅವರಿಗೂ ತಿಳಿಯಿತು. ನನ್ನ ಮೊಣಕೈ ಬಿಟ್ಟು, ಮೇಜಿನ ಬಿಲ್ಲೆಯನ್ನೇ ನೋಡುತ್ತ ಕೂತರು. ಆ ಒಳ್ಳೆಯ ಹೆಂಗಸು ನನ್ನ ಮುಖ ನೋಡದೆ ಇರಲು ಪಟ್ಟ ಕಷ್ಟವನ್ನು ನಾನು ನನ್ನ ಗಂಡನಿಗೆ ಎಂದೂ ಕ್ಷಮಿಸಿಲ್ಲ.

ಮಿಲ್ಲಿನ ಕಥೆ ನಿಜ ಎಂದು ನಾನು ಹೇಳಿದೆ. ಚಪ್ಪಾಳೆ. ಇಷ್ಟು ವಾರಗಳಲ್ಲಿ ರಾಜರನ್ನು ಹಿಡಿದವರು ಯಾರೂ ಇರಲಿಲ್ಲ. ಇಂಗ್ಲೆಂಡಿನಿಂದ ಬಂದ ಎಂಜಿನಿಯರು ಬಹುಮಾನದ ನಾನ್‌ಖಟಾಯಿ ಡಬ್ಬಿ ನನ್ನ ಕೈಗಿಟ್ಟು, ಹೇಗೆ ಹಿಡಿದಿರಿ ಎಂದು ಕೇಳಿದರು. ನನ್ನ ಗಂಡ ನಗುತ್ತ, ಇವಳಿಗೆ ನನ್ನ ಮುಖ ಬಾಯಿಪಾಠ ಎಂದರು.

ಅಲ್ಲಿದ್ದ ದೊಡ್ಡವರಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಕಾನ್ವೆಂಟಿನಲ್ಲಿ ಕಲಿತ ಮೃದುವಾದ ದನಿಯಲ್ಲೇ ಕೇಳಿದೆ: "ಆ ಗುಮಾಸ್ತ ಬರೋಡದಿಂದ ಸೂರತ್ತಿಗೆ ಯಾವಾಗ ವರ್ಗ ಆದ, ರೀ?"

ಗಂಡ ಹೆಂಡಿರ ತಮಾಷೆಯೆಂದು ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕನ್ನಡಕವನ್ನು ಮತ್ತೆ ತೆಗೆದರು, ಆದರೆ ಒರೆಸಲಿಲ್ಲ.

ಮಳೆ ನಿಂತಿತ್ತು. ಮಗಳನ್ನು ನಡುವೆ ಬಿಟ್ಟುಕೊಂಡು ಮನೆಗೆ ನಡೆದೆವು. ಅವಳು ನಾನ್‌ಖಟಾಯಿ ತಿನ್ನುತ್ತ ಮುಂದೆ ಓಡಿದಾಗ ಅವರು ಹೇಳಿದರು: "ದಿನಾ ಆ ಬಸ್ಸಲ್ಲಿ ನಿನಗೆ ಕಷ್ಟ ಆಗ್ತಿತ್ತು. ಬೇಡ ಅಂದ್ರೆ ಬೇಜಾರು ಮಾಡ್ಕೋತೀಯ ಅಂತ ಸುಮ್ಮನಾದೆ. ಕವರು ಎಲ್ಲೂ ಹೋಗಿಲ್ಲ ಕಣೇ, ಆಫೀಸಲ್ಲಿ ನನ್ನ ಡ್ರಾಯರ್‌ನಲ್ಲಿ ಜೋಪಾನವಾಗಿದೆ."

ಜೋಪಾನವಾಗಿದೆ. ಬೇಡ ಎಂದಿದ್ದರೆ ನಾನು ಜಗಳವಾಡುತ್ತಿದ್ದೆ, ಅಥವಾ ಅತ್ತು ಸುಮ್ಮನಾಗುತ್ತಿದ್ದೆ. ಎರಡೂ ನನ್ನವಾಗಿರುತ್ತಿದ್ದವು. ಬದಲಿಗೆ ನನ್ನನ್ನು ನಾಲ್ಕು ತಿಂಗಳು ಸೈಕಲ್ ಬೆಲ್ಲಿಗೆ ಓಡಾಡಿಸಿದರು, ಸಂಜೆ ಸಂಜೆ ಏನಾದರೂ ಬಂತೇ ಎಂದು ಕೇಳಿದರು, ಸ್ಲೇಟಿನ ಮೇಲೆ ಅಕ್ಷರ ತಿದ್ದಲು ಬಿಟ್ಟರು. ಅಷ್ಟಕ್ಕೂ ಆ ಗುಮಾಸ್ತನನ್ನು ಇನ್ನೊಮ್ಮೆ ಬಳಸಿದ್ದೇಕೆ? ಅವನ ಕಥೆಯನ್ನು ನನಗೆ ಹೇಳಿದ್ದೇ ಅವರಿಗೆ ನೆನಪಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ನಾನು ಅಮ್ಮನಿಗೆ ಬರೆದು ಕಳಿಸಿದ ಮಾತು ಅವರಿಗೆ ಮರೆತುಹೋಗುವಷ್ಟು ಸಣ್ಣದಾಗಿತ್ತು.

ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಕವರನ್ನು ತಟ್ಟೆಯ ಪಕ್ಕ ಇಟ್ಟರು. ಬಿಡಿಸಿರಲಿಲ್ಲ. ಮೇಲೆ ನನ್ನ ಕೈಬರಹ, ಅದರ ಮೇಲೆ ಟೀ ಕಪ್ಪಿನ ದುಂಡನೆಯ ಕಲೆ. ನಾನು ಸಾರು ಬಡಿಸಿದೆ.

ಮಂಗಳವಾರ, ಅವರಿಗೆ ಹೇಳಿಯೇ, ಮಗಳನ್ನು ಶಾಲೆಗೆ ಬಿಟ್ಟು ಬರೋಡದ ಬಸ್ಸು ಹತ್ತಿದೆ. ಮುಕ್ಕಾಲು ಗಂಟೆಯ ದಾರಿ, ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಷ್ಟವೇನೂ ಆಗಲಿಲ್ಲ. ಶಾಲೆಯ ಆಫೀಸಿನಲ್ಲಿ ಕೂತಿದ್ದವರು ನನ್ನಷ್ಟೇ ವಯಸ್ಸಿನ ಹೆಂಗಸು. ಕನ್ನಡಕವಿರಲಿಲ್ಲ. ಸ್ಟಾಂಪ್ ಪ್ಯಾಡ್ ಹೊಸದು, ನೇರಳೆ ಬಣ್ಣದಲ್ಲಿ ತೇವವಾಗಿ ಹೊಳೆಯುತ್ತಿತ್ತು. ಹೊಸ ಕವರಿಗೆ ಹಾಕಿ ತಂದಿದ್ದ ನನ್ನ ಅರ್ಜಿಯನ್ನು ಆಕೆ ಪೂರ್ತಿ ಓದಿದರು. ಮತ್ತೆ ಮೇಲಿನ ತಾರೀಖನ್ನು ನೋಡಿ, ಏಪ್ರಿಲ್‌ನದಲ್ಲವೇ ಎಂದರು. ಏಪ್ರಿಲ್‌ನಲ್ಲಿ ಯಾರೂ ಸಿಗದೆ ಎಷ್ಟು ಹುಡುಕಿದೆವು, ಕೊನೆಗೆ ಬಿ.ಎ. ಇಲ್ಲದವರನ್ನೇ ತೆಗೆದುಕೊಂಡೆವು ಎಂದರು. ಗುಜರಾತಿ ಬರಬೇಕಿತ್ತೇ ಎಂದು ಕೇಳಿದೆ. ಇಂಗ್ಲಿಷ್ ಶಾಲೆಯಲ್ಲವೇ ಎಂದು ನಕ್ಕರು. ಆಮೇಲೆ, ಇಷ್ಟು ದಿನ ಇದು ಎಲ್ಲಿತ್ತು ಎಂದು ಕೇಳಿದರು.

ಸುಳ್ಳು ಹೇಳಿದರೆ ಚಾಪೆಲಿನ ಕಲ್ಲಿನ ಮೇಲೆ ಮೊಣಕಾಲೂರಿಸುತ್ತಿದ್ದ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. ಆಕೆಯ ಕಣ್ಣಿಗೆ ಕಣ್ಣಿಟ್ಟು ಇಂಗ್ಲಿಷಿನಲ್ಲಿ ಹೇಳಿದೆ: "ನನ್ನ ತಾಯಿಗೆ ಹುಷಾರಿರಲಿಲ್ಲ. ಊರಿಗೆ ಹೋಗಿದ್ದೆ, ಪೆಟ್ಟಿಗೆಯಲ್ಲೇ ಉಳಿದುಹೋಯಿತು." ಯಾವ ಪೆಟ್ಟಿಗೆ, ಯಾವ ರೈಲು ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ. ಆಕೆ ನಂಬಿದರು. ಅಮ್ಮ ಈಗ ಹೇಗಿದ್ದಾರೆ ಎಂದು ಪ್ರೀತಿಯಿಂದ ವಿಚಾರಿಸಿದರು. ಮುಂದಿನ ಜೂನ್‌ಗೆ ನೋಡೋಣ ಎಂದು ಅರ್ಜಿಯ ಮೇಲೂ ನನಗೆಂದು ಬರೆದುಕೊಂಡು ಬಂದಿದ್ದ ಅದರ ನಕಲಿನ ಮೇಲೂ ಸೀಲು ಒತ್ತಿಕೊಟ್ಟರು.

ಆ ಜೂನ್‌ನಲ್ಲಿ ನನ್ನನ್ನು ಕರೆದರು, ನಾನು ಹೋದೆ, ಅದು ಬೇರೆ ಮಾತು. ಅಂದು ವಾಪಸು ಬರುವ ಬಸ್ಸಿನಲ್ಲಿ ನಾನು ಸೀಲಿನ ನಕಲನ್ನು ಮಡಿಚದೆ ತೊಡೆಯ ಮೇಲೆ ಹಿಡಿದು ಕೂತಿದ್ದೆ. ಅರ್ಜಿ ಬಚ್ಚಿಟ್ಟವರು ಅವರು. ಅವರ ಮಾನ ಉಳಿಸಲು ಆರೋಗ್ಯವಾಗಿದ್ದ ನನ್ನ ಅಮ್ಮನನ್ನು ಹಾಸಿಗೆ ಹಿಡಿಸಿದವಳು ನಾನು. ಅದೂ ಯಾರೂ ಹೇಳಿಕೊಡದೆ, ಒಂದು ಕ್ಷಣವೂ ತಡವರಿಸದೆ. ಸಂಜೆ ಅವರು ಶೂ ಬಿಚ್ಚುತ್ತ, ಶಾಲೆಯವರು ಏನಂದರು ಎಂದು ಕೇಳಿದರು. ನಾನು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.