ಸ್ಕ್ರೀನಿನಾಚೆಯ ಅಕ್ಕ

ಹೋದ ವಾರ ಒಂದೇ ಒಂದು ಮಾತಾಡಿ ನಾಲ್ಕೈದು ಮಕ್ಕಳಿಂದ ಚಪ್ಪಾಳೆ ಗಿಟ್ಟಿಸಿದೆ. ಆಡಿದ್ದಿಷ್ಟೇ: "ಪಾಪ, ಎಷ್ಟು ಸೊರಗಿದೆ ಮಗು!"

ಮಗು ಅಂದರೆ ನಮ್ಮ ಬಿಲ್ಡಿಂಗಿನ ಸುಜಾತಾಳ ಮಗಳು ಅನ್ವಿ. ಒಂಬತ್ತು ವರ್ಷ. ಅವಳಿಗೆ ಥಲಸ್ಸೇಮಿಯಾ. ಮೈಯಲ್ಲಿ ಸಾಕಷ್ಟು ರಕ್ತ ತಯಾರಾಗುವುದಿಲ್ಲ, ಹಾಗಾಗಿ ತಿಂಗಳು ತಿಂಗಳೂ ಸಯನ್ ಕಡೆಯ ಒಂದು ಆಸ್ಪತ್ರೆಗೆ ಹೋಗಿ ರಕ್ತ ಏರಿಸಿಕೊಳ್ಳಬೇಕು. ಎಳನೀರು ಹಿಡಿದು ನೋಡಲು ಹೋಗಿದ್ದೆ. (ನಮ್ಮ ಜನ ಆಸ್ಪತ್ರೆಗೆ ಬರಿಗೈಯಲ್ಲಿ ಹೋಗುವುದುಂಟೆ? ಒಂದಿಷ್ಟು ಮರುಕವನ್ನೂ ಒಯ್ಯುತ್ತೇವೆ.)

ನಾನು ಬಾಯಿ ಮುಚ್ಚುವ ಮೊದಲೇ ಹಾಸಿಗೆಯ ಮೇಲಿದ್ದ ಟ್ಯಾಬ್‌ನಿಂದ ಚಪ್ಪಾಳೆ, ಸೀಟಿ. "ಥ್ಯಾಂಕ್ಯೂ ಆಂಟಿ, ಐ ವನ್," ಎಂದಳು ಅನ್ವಿ.

ಅದು ಇದೇ ಕಾಯಿಲೆಯ ಮಕ್ಕಳ ಗ್ರೂಪ್. ಯಾರಿಗೆ ರಕ್ತ ಏರಿಸುವ ದಿನವೋ, ಅವರ ಜೊತೆ ಉಳಿದವರು ವಿಡಿಯೊ ಕಾಲ್‌ನಲ್ಲಿ ಕೂರುತ್ತಾರೆ. ನೋಡಲು ಬಂದವರು "ಪಾಪ" ಎಂದರೆ ಆ ಮಗುವಿಗೆ ಒಂದು ಪಾಯಿಂಟ್. ಹಿಂದಿಯಲ್ಲಿ "ಬೇಚಾರಿ" ಎಂದರೂ ನಡೆಯುತ್ತದೆ. ನನ್ನ ಮುಖ ಹುಳ್ಳಗಾಯಿತು. ಆಮೇಲೆ ನಾನೂ ನಕ್ಕೆ.

"ಮೊದಲೆಲ್ಲ ಹಿಂದಿನ ದಿನದಿಂದಲೇ ಮಾತು ಬಿಡ್ತಿದ್ದಳು ಮಾರಾಯ್ರೆ," ಎಂದಳು ಉಡುಪಿ ಕಡೆಯ ಸುಜಾತಾ. "ನಂಗೊಬ್ಬಳಿಗೇ ಯಾಕೆ ಅಂತ ಕೇಳಿದ್ರೆ ನಾನು ಎಂತ ಹೇಳುದು?"

ಅಷ್ಟರಲ್ಲಿ ಸಿಸ್ಟರ್ ಸೂಜಿ ತಂದರು. ನರ ಸಿಗಲಿಲ್ಲ. ಇನ್ನೊಂದು ಕೈ ನೋಡಿದರು. ಅಲ್ಲೂ ಇಲ್ಲ. ಅನ್ವಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. "ಬೇಡ. ಮನೆಗೆ ಹೋಗುವ."

ಹೋದರೆ ಆಗುತ್ತದೆಯೇ? ರಕ್ತ ಏರಿಸದಿದ್ದರೆ ಆ ಮಗು ನಾಲ್ಕು ಮೆಟ್ಟಿಲು ಹತ್ತಲಾರದು.

ನಾವು ಶುರುಹಚ್ಚಿಕೊಂಡೆವು. "ಅಳಬಾರದು, ನೀನು ಬ್ರೇವ್ ಗರ್ಲ್ ಅಲ್ವಾ?" ಎಂದೆ ನಾನು. ಸುಜಾತಾ ಐಸ್‌ಕ್ರೀಮಿನ ಆಸೆ ತೋರಿಸಿದಳು. ಕೈ ಹೊರಬರಲಿಲ್ಲ.

ಆಗ ಸ್ಕ್ರೀನಿನಿಂದ ಒಂದು ದನಿ. ಇದೇ ಊರಿನ ಜೋಗೇಶ್ವರಿ ಬಡಾವಣೆಯ ಭಾಗ್ಯಶ್ರೀ, ಅದೇ ಗ್ರೂಪಿನವಳು. ಅನ್ವಿಗಿಂತ ದೊಡ್ಡವಳು, ಅಪ್ಪ ವಿಜಯಪುರದಿಂದ ಗಾರೆ ಕೆಲಸಕ್ಕೆ ಬಂದವರು. ಇಬ್ಬರೂ ಒಮ್ಮೆಯೂ ಮುಖಾಮುಖಿ ಭೇಟಿಯಾದವರಲ್ಲ.

"ಅನ್ವಿ, ಹೋದ ಸಲ ನಾನೂ ಅತ್ತೇನಿ. ನೀನೂ ಜೋರಾಗಿ ಅಳು. ಕೈ ಅಷ್ಟ ಅಲುಗಾಡಿಸಬ್ಯಾಡ."

ಅನ್ವಿ ಟ್ಯಾಬನ್ನು ಹತ್ತಿರ ಎಳೆದುಕೊಂಡು ಕೈ ಚಾಚಿದಳು. ವಾರ್ಡೆಲ್ಲ ತಿರುಗಿ ನೋಡುವಂತೆ ಅತ್ತಳು. ಕೈ ಮಾತ್ರ ಅಲುಗಲಿಲ್ಲ. ಸೂಜಿ ಕೂತಿತು. ಖುಷಿಗೆ ನನ್ನ ಕಣ್ಣೂ ತುಂಬಿ ಬಂತು. ಸ್ವಲ್ಪ ಹೊತ್ತಿಗೆಲ್ಲ ಇಬ್ಬರೂ ತಂತಮ್ಮ ಸ್ಕೂಲಿನ ಟೀಚರುಗಳನ್ನು ಆಡಿಕೊಳ್ಳುತ್ತಿದ್ದರು.

ಮೊಬೈಲ್ ಮುಟ್ಟಬೇಡಿ ಎಂದು ಮಕ್ಕಳಿಗೆ ದಿನವಿಡೀ ಗದರುತ್ತೇವೆ. ಸರಿಯೇ. ಆದರೆ ಧೈರ್ಯ ತುಂಬುವ ಆತುರದಲ್ಲಿ ನಾವು ದೊಡ್ಡವರು ಮಗುವಿಗೆ ಅಳಲೂ ಬಿಡುವುದಿಲ್ಲವಲ್ಲ, ನಮಗೆ ಯಾರು ಗದರಬೇಕು?