ಕಾಂಪೌಂಡಿನಾಚೆಯ ಎರಡು ಬೆರಳು

ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಕಾಂಪೌಂಡು ಗೋಡೆಯ ಮೇಲಿನಿಂದ ಒಂದು ಬೆರಳು ತೋರಿಸುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲವೆಂಬುದು ನನಗೂ ಗೊತ್ತು. ಆದರೆ ಅದೇ ಹೆಂಗಸು ಐದು ನಿಮಿಷ ಬಿಟ್ಟು ಮತ್ತೆ ಬಂದು ಎರಡು ಬೆರಳು ತೋರಿಸಿದರೆ, ಅದನ್ನು ಕಂಡವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದರೆ, ಹಾಗೆ ಓಡಿದವಳು ನಿಮ್ಮ ಧರ್ಮಪತ್ನಿಯೇ ಆಗಿದ್ದರೆ, ನೀವಾದರೂ ಏನು ಮಾಡುತ್ತಿದ್ದಿರಿ ಹೇಳಿ. ತಾರಸಿಯ ಮೇಲೆ ಗಿಡಗಳಿಗೆ ನೀರು ಹಾಕುತ್ತಿದ್ದ ನಾನು ಚೊಂಬನ್ನು ಸದ್ದಾಗದಂತೆ ಕೆಳಗಿಟ್ಟು, ಮೋಟುಗೋಡೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟೆ. ರಾಮಕೃಷ್ಣನಗರದಲ್ಲಿ ಈ ಮನೆ ಕಟ್ಟಿಸುವಾಗ ಆ ಗೋಡೆ ಕುಳ್ಳಾಯಿತೆಂದು ಮೇಸ್ತ್ರಿಯೊಡನೆ ಜಗಳವಾಡಿದ್ದೆ. ಕುಳಿತವನ ಕಣ್ಣಿಗೆ ಅದು ಹೇಳಿ ಮಾಡಿಸಿದ ಎತ್ತರವೆಂದು ಆ ಶನಿವಾರ ತಿಳಿಯಿತು.

ಇಲ್ಲಿ ನನ್ನ ಪೂರ್ವಾಶ್ರಮದ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮೂವತ್ತು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದೆ. ಪಾಠ ಮಾಡುವುದರಲ್ಲಿ ನನಗೆ ದೊಡ್ಡ ಹೆಸರೇನೂ ಬರಲಿಲ್ಲ, ಆದರೆ ಪರೀಕ್ಷೆಯ ದಿನ ಕೊಠಡಿ ಕಾಯುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕೆಮ್ಮುವ ಹುಡುಗನ ಕೆಮ್ಮಿನಲ್ಲಿ ಎಷ್ಟು ನಿಜ, ಎಷ್ಟು ಸಂಕೇತ ಎಂಬುದನ್ನು ಬೆನ್ನು ತಿರುಗಿಸಿಕೊಂಡೇ ಹೇಳಬಲ್ಲವನಾಗಿದ್ದೆ. ಒಂದು ಬೆರಳೆಂದರೆ ಮೊದಲ ಉತ್ತರ, ಎರಡೆಂದರೆ ಎರಡನೆಯದು, ಮುಷ್ಟಿ ಹಿಡಿದರೆ ಬರೆದದ್ದು ಸರಿ ಎಂಬ ಲಿಪಿಯನ್ನು ನಾನು ಓದಲಾರೆನೇ? ನಿವೃತ್ತನಾದ ಮೇಲೆ ಸಂಬಳ ಅರ್ಧವಾಯಿತು, ಸಂಶಯ ಮಾತ್ರ ಪೂರ್ತಿ ಉಳಿಯಿತು. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ತರಕಾರಿಯನ್ನಲ್ಲ, ಅವನ ಕಿರುಬೆರಳನ್ನು ನೋಡುತ್ತೇನೆ.

ಬೆರಳು ತೋರಿಸಿದವರು ಲೂರ್ದಮ್ಮ, ನಮ್ಮ ಪಕ್ಕದ ಮನೆಯವರು. ರವಿಕೆ ಹೊಲಿಯುವುದರಲ್ಲಿ ನಮ್ಮ ಬೀದಿಗೆಲ್ಲ ಹೆಸರಾದವರು. ಭಾನುವಾರ ಚರ್ಚಿಗೆ ಹೋಗುವುದೊಂದು ಬಿಟ್ಟರೆ ಹೊಲಿಗೆ ಯಂತ್ರದ ಮುಂದಿನಿಂದ ಏಳುವವರಲ್ಲ. ನನ್ನ ಹೆಂಡತಿ ಪದ್ಮನಿಗೂ ಅವರಿಗೂ ಇಪ್ಪತ್ತು ವರ್ಷದ ಸ್ನೇಹ, ಕ್ರಿಸ್‌ಮಸ್ಸಿಗೆ ಆ ಕಡೆಯಿಂದ ರೋಸ್‌ಕುಕ್ಕಿ, ಸಂಕ್ರಾಂತಿಗೆ ಈ ಕಡೆಯಿಂದ ಎಳ್ಳುಬೆಲ್ಲ ಗೋಡೆ ದಾಟುತ್ತಲೇ ಇರುತ್ತವೆ. ಅದರಲ್ಲಿ ನನಗೆ ಗುಮಾನಿಯೇನೂ ಇರಲಿಲ್ಲ. ಆದರೆ ಈ ಬೆರಳಿನ ವ್ಯವಹಾರ ಮುಂದಿನ ಶನಿವಾರವೂ ನಡೆಯಿತು, ಅದರ ಮುಂದಿನ ಶನಿವಾರವೂ ನಡೆಯಿತು. ಬೆಳಗ್ಗೆ ಎಂಟರ ಸುಮಾರಿಗೆ ಪದ್ಮ ಮುಚ್ಚಿದ ಸ್ಟೀಲ್ ಬಟ್ಟಲೊಂದನ್ನು ಹಿಡಿದು ಹಿತ್ತಿಲ ಗೋಡೆಯ ಬಳಿ ಬರುತ್ತಾಳೆ. ಲೂರ್ದಮ್ಮ ಅದನ್ನು ಒಳಗೊಯ್ದು ಕ್ಷಣದಲ್ಲೇ ಹಿಂದಿರುಗಿ ಬೆರಳು ತೋರಿಸುತ್ತಾರೆ. ಪದ್ಮ ಒಳಗೋಡಿ, ಮತ್ತೊಂದು ಬಟ್ಟಲು ತರುತ್ತಾಳೆ. ಕೊನೆಗೆ ಮುಷ್ಟಿ. ವಾರದ ಉಳಿದ ಆರು ದಿನ ಇದೇನೂ ಇಲ್ಲ.

ಶನಿವಾರ ನಮ್ಮ ಮನೆದೇವರ ವಾರ. ನಮ್ಮಲ್ಲಿ ಮಡಿ ಮೈಲಿಗೆಗಳೆಲ್ಲ ಎಂದೋ ಸಡಿಲವಾಗಿವೆ. ಉಳಿದಿರುವುದು ಪದ್ಮ ತನ್ನ ತಾಯಿಯಿಂದ ಪಡೆದುಕೊಂಡು ಬಂದ ಒಂದೇ ನಿಯಮ: ಆ ದಿನದ ಅಡುಗೆಯನ್ನು ನೈವೇದ್ಯಕ್ಕೆ ಮುಂಚೆ ಮನೆಯವರು ಯಾರೂ ನಾಲಿಗೆಗೆ ಸೋಕಿಸುವಂತಿಲ್ಲ. ಹಾಗಾದರೆ ಉಪ್ಪು ಹುಳಿ ತಿಳಿಯುವುದು ಹೇಗೆ ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ಕುದಿಯುವ ಸಾರಿನ ಹಬೆಗೆ ಮುಖ ಒಡ್ಡಿದರೆ ಉಪ್ಪು ಎಷ್ಟಿದೆಯೆಂದು ಅದೇ ಹೇಳುತ್ತದೆ ಎಂದಿದ್ದಳು. ನಾನು ನಂಬಿರಲಿಲ್ಲ. ಪ್ರತಿ ಶನಿವಾರ ಎಲೆಯ ಮುಂದೆ ಕುಳಿತಾಗ ತಪ್ಪು ಹುಡುಕಲು ಪ್ರಾಮಾಣಿಕವಾಗಿ ಯತ್ನಿಸಿ, ಪ್ರತಿ ಶನಿವಾರವೂ ಸೋತು, ಎರಡನೆಯ ಸಲ ಸಾರು ಬಡಿಸಿಕೊಂಡು ಎದ್ದಿದ್ದೇನೆ. ಈ ಮನೆಯಲ್ಲಿ ಅವಳು ತಪ್ಪಿದ್ದು ಒಂದೇ ಸಲ, ನಾಲ್ಕು ಜನ ಅತಿಥಿಗಳಿದ್ದ ದಿನ, ಸಜ್ಜಿಗೆಯ ವಿಷಯದಲ್ಲಿ. ಆ ಕಥೆಯನ್ನು ನಾನು ಮದುವೆಮನೆ, ಗೃಹಪ್ರವೇಶ, ನಾಮಕರಣಗಳಲ್ಲಿ ಇಪ್ಪತ್ತೈದು ವರ್ಷ ಹೇಳಿ ಜನರನ್ನು ನಗಿಸಿದ್ದೇನೆ. ಇಲ್ಲಿ ಮಾತ್ರ ಹೇಳುವುದಿಲ್ಲ.

ಬಟ್ಟಲಿನ ಬಗ್ಗೆ ನನ್ನ ಮೊದಲ ಊಹೆ, ಪದ್ಮ ತನ್ನ ಸಾರಿನ ಪುಡಿಯ ಗುಟ್ಟನ್ನು ಕಂತುಗಳಲ್ಲಿ ಹೊರಗೆ ಸಾಗಿಸುತ್ತಿದ್ದಾಳೆ ಎಂಬುದು. ಎರಡನೆಯದು ಇನ್ನೂ ಘೋರ: ಅಡುಗೆಯನ್ನೇ ಲೂರ್ದಮ್ಮ ಮಾಡಿಕೊಡುತ್ತಿದ್ದಾರೆ. ಮೂರನೆಯದು ನನ್ನ ಬಗ್ಗೆಯೇ ಏನೋ ಸಂಕೇತಗಳು, ಉದಾಹರಣೆಗೆ ಒಂದು ಬೆರಳೆಂದರೆ 'ಮುದುಕ ತಾರಸಿಯ ಮೇಲಿದ್ದಾನೆ'. ಈ ಮೂರರಲ್ಲಿ ಯಾವುದನ್ನು ನಂಬಿದರೂ ನಿದ್ದೆಗೆ ಭಂಗ ಬರುವಂತಿತ್ತು.

ಅಷ್ಟರಲ್ಲಿ ನನ್ನ ಮಲ್ಲಿಗೆ ಅರಳಿತು. ತಾರಸಿಯ ತೋಟ ನನ್ನ ನಿವೃತ್ತಿಯ ಹವ್ಯಾಸ. ಹೋದ ವರ್ಷ ಬೋಗಾದಿ ರಸ್ತೆಯ ನರ್ಸರಿಯೊಂದರಲ್ಲಿ ಅಪ್ಪಟ ಮೈಸೂರು ಮಲ್ಲಿಗೆಯೆಂದು ಆಣೆ ಹಾಕಿಸಿಕೊಂಡು ಗಿಡವೊಂದನ್ನು ತಂದಿದ್ದೆ. ಒಂದು ಸೋಮವಾರ ಸಂಜೆ ಮೊದಲ ಏಳು ಹೂ ಬಿಟ್ಟವು. ಮೂಗಿಗೆ ಹಿಡಿದರೆ ಪರಿಮಳದ ಸುಳಿವೇ ಇಲ್ಲ. ಕಾಕಡವನ್ನು ಮಲ್ಲಿಗೆಯೆಂದು ನನ್ನ ತಲೆಗೆ ಕಟ್ಟಿದ್ದಾನೆ ಎಂದು ಹಲ್ಲು ಕಡಿಯುತ್ತ ಕೆಳಗಿಳಿದು, ಸಾಕ್ಷಿಗಿರಲೆಂದು ಹೂಗಳನ್ನು ಪದ್ಮನ ಕೈಗೆ ಕೊಟ್ಟೆ. ಅವಳು ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿ, ಎಷ್ಟು ಘಮ ಅಂತಿದೆ ರೀ, ಅಂದಳು.

ಸಂಶಯವೆಂಬುದು ಮನೆಯ ಬೆಕ್ಕು. ಹೊರಗೆ ಏನೂ ಸಿಗದಿದ್ದರೆ ಒಳಗೇ ಪರಚುತ್ತದೆ. ಕೆಟ್ಟಿರುವುದು ನನ್ನ ಮೂಗೇ ಎಂಬ ಭಯ ಹಿಡಿದು, ಅರ್ಧ ಗಂಟೆ ಕಾಲ ಮನೆಯಲ್ಲಿದ್ದುದನ್ನೆಲ್ಲ ಮೂಸಿದೆ. ಇಂಗಿನ ಡಬ್ಬಿ, ಕಾಫಿಪುಡಿ, ಕರ್ಪೂರ, ಕಡೆಗೆ ನನ್ನದೇ ಹಳೆಯ ಛತ್ರಿ. ಎಲ್ಲವೂ ತಮ್ಮ ತಮ್ಮ ಗುಣವನ್ನು ನಿಚ್ಚಳವಾಗಿ ಹೇಳಿಕೊಂಡವು, ಛತ್ರಿ ಅಗತ್ಯಕ್ಕಿಂತ ಹೆಚ್ಚೇ ಹೇಳಿತು. ಮೂಗು ನೆಟ್ಟಗಿದೆ. ಅಂದ ಮೇಲೆ ಪದ್ಮ ಸುಳ್ಳು ಹೇಳಿದ್ದಾಳೆ. ಸೀರೆಯ ಬೆಲೆ ಮುಚ್ಚಿಟ್ಟರೆ ಅರ್ಥವಾಗುತ್ತದೆ, ಒಂದು ಹೂವಿನ ಬಗ್ಗೆ ಯಾರಾದರೂ ಯಾಕೆ ಸುಳ್ಳು ಹೇಳುತ್ತಾರೆ?

ಅದೇ ವಾರ ಮತ್ತೊಂದು ನಡೆಯಿತು. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ, ಹಾಲು ಸೀದ ವಾಸನೆ ಬೀದಿಬಾಗಿಲ ತನಕ ಬಂತು. ಹೋಗಿ ನೋಡಿದರೆ ಪದ್ಮ ಒಲೆಗೆ ಬೆನ್ನು ಮಾಡಿ, ಎರಡಡಿ ದೂರದಲ್ಲೇ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಳೆ. ನಾನು ಒಲೆ ಆರಿಸಿದ ಮೇಲೆ ಬೆಚ್ಚಿ ತಿರುಗಿದಳು. ಯಾವುದೋ ಗುಟ್ಟನ್ನು ಹೊತ್ತಿರುವವರ ಮನಸ್ಸು ಹೀಗೇ ಎಲ್ಲೋ ಇರುತ್ತದೆ ಎಂದು ಒಳಗೊಳಗೇ ಷರಾ ಬರೆದುಕೊಂಡು, ಶನಿವಾರಕ್ಕಾಗಿ ಕಾದೆ.

ಆ ಶನಿವಾರ ತಾರಸಿಯಲ್ಲಿ ನಲ್ಲಿಯನ್ನು ಸದ್ದಾಗುವಂತೆ ಬಿಟ್ಟು, ಬರಿಗಾಲಿನಲ್ಲಿ ಕೆಳಗಿಳಿದು, ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಣಹಾಕಿದ್ದ ಬೆಡ್‌ಶೀಟಿನ ಹಿಂದೆ ನಿಂತೆ. ಅರವತ್ತನಾಲ್ಕರ ಗಂಡಸೊಬ್ಬ ತನ್ನದೇ ಮನೆಯ ಬೆಡ್‌ಶೀಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತ ಆ ಭಂಗಿಯನ್ನು ಬೀದಿಯವರು ಯಾರೂ ನೋಡದಿದ್ದುದು ನನ್ನ ಪುಣ್ಯ. ಪದ್ಮ ಬಟ್ಟಲು ತಂದಳು. ಲೂರ್ದಮ್ಮ ಈ ಸಲ ಒಳಗೆ ಹೋಗಲಿಲ್ಲ, ಅಲ್ಲೇ ಚಮಚೆಯಲ್ಲಿ ತೆಗೆದು ಬಾಯಿಗಿಟ್ಟುಕೊಂಡರು. ಒಂದು ಬೆರಳು ಎತ್ತಿದರು. ನಾನು ಬೆಡ್‌ಶೀಟು ಸರಿಸಿ ಹೊರಗೆ ಬಂದೆ.

ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಕ್ಕಳ ಮುಖವನ್ನು ನಾನು ನೂರಾರು ಸಲ ನೋಡಿದ್ದೇನೆ. ಮೊದಲು ಮುಖದ ಬಣ್ಣ ಇಳಿಯುತ್ತದೆ, ಆಮೇಲೆ ತುಟಿ ಏನೋ ಹೇಳಲು ಹೋಗಿ ನಿಲ್ಲುತ್ತದೆ. ಆ ಮುಖ ನನ್ನ ಹೆಂಡತಿಯದೂ ಆಗಬಹುದೆಂದು ನಾನು ಎಣಿಸಿರಲಿಲ್ಲ. ಕೈಯಲ್ಲಿ ಮುಚ್ಚಳ ಹಿಡಿದು ಅವಳು ಹಾಗೆ ನಿಂತಿದ್ದನ್ನು ನೋಡಿ, ಹಿಡಿದುಬಿಟ್ಟೆನೆಂಬ ನನ್ನ ಸಂತೋಷ ಅಲ್ಲೇ ಇಂಗಿಹೋಯಿತು. ಮಾತಾಡಿದವರು ಲೂರ್ದಮ್ಮ.

"ಮೇಷ್ಟ್ರೇ, ನಿಮ್ಮನೆಯೋರಿಗೆ ವಾಸ್ನೆ ಗೊತ್ತಾಗಲ್ಲ. ಮೂರ್ ತಿಂಗ್ಳಾಗೋಯ್ತು. ನಿಮ್ಗೆ ತಿಳ್ದೇ ಇಲ್ವಾ?"

ತಿಳಿದಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಕೆಟ್ಟ ಶೀತ ಜ್ವರ ಬಂದದ್ದು ಗೊತ್ತಿತ್ತು, ವಾಸಿಯಾದದ್ದೂ ಗೊತ್ತಿತ್ತು. ಅದು ಹೋಗುವಾಗ ಮೂಗಿನ ಶಕ್ತಿಯನ್ನೂ ಕೊಂಡೊಯ್ದದ್ದು ಗೊತ್ತಿರಲಿಲ್ಲ. ಉಳಿದ ದಿನ ನಾಲಿಗೆಯಲ್ಲಿ ಉಪ್ಪನ್ನಾದರೂ ನೋಡಿ ಹೇಗೋ ಸಂಭಾಳಿಸುತ್ತಿದ್ದಳಂತೆ. ಶನಿವಾರ ನಾಲಿಗೆಗೆ ಅಪ್ಪಣೆಯಿಲ್ಲ, ಮೂಗಿಗೆ ಹಬೆಯ ಮಾತು ಕೇಳುವುದಿಲ್ಲ. ಆಗ ಅವಳೊಂದು ದಾರಿ ಕಂಡುಕೊಂಡಳು. ಮನೆಯವರು ರುಚಿ ನೋಡಬಾರದು ಎಂದಿದ್ದರು ಅವಳ ತಾಯಿ, ಪಕ್ಕದ ಮನೆಯವರ ಸುದ್ದಿ ಎತ್ತಿರಲಿಲ್ಲ. ಒಂದು ಸೌಟನ್ನು ಬೇರೆಯಾಗಿ ತೆಗೆದು ಗೋಡೆಯಾಚೆ ಕಳಿಸಿದರೆ ಪಾತ್ರೆಯಲ್ಲಿರುವುದು ದೇವರಿಗೆ ಮೀಸಲಾಗಿಯೇ ಉಳಿಯುತ್ತದೆ. ಒಂದು ಬೆರಳೆಂದರೆ ಉಪ್ಪು ಬೇಕು, ಎರಡೆಂದರೆ ಹುಳಿ ಬೇಕು, ಮುಷ್ಟಿಯೆಂದರೆ ಸರಿಯಿದೆ. ನನ್ನ ಮೂವತ್ತು ವರ್ಷದ ಅನುಭವ ಸುಳ್ಳಾಗಲಿಲ್ಲ ನೋಡಿ, ನಡೆಯುತ್ತಿದ್ದದ್ದು ಶುದ್ಧ ಕಾಪಿಯೇ. ಮೂರು ತಿಂಗಳಿಂದ ನಾನು ಎರಡನೆಯ ಸಲ ಬಡಿಸಿಕೊಂಡ ಸಾರಿಗೆ ಉಪ್ಪು ನಿರ್ಧರಿಸಿದ್ದು ಲೂರ್ದಮ್ಮನವರ ನಾಲಿಗೆ.

ಒಳಗೆ ಬಂದ ಮೇಲೆ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಸಾರಿಗೆ ಉಪ್ಪು ಹಾಕಿ, ಸೌಟಿನಿಂದ ತಿರುವಿ, ಒಲೆ ಸಣ್ಣ ಮಾಡಿದ ಮೇಲೆ ಉತ್ತರ ಕೊಟ್ಟಳು.

"ಹೇಳಿದ್ರೆ ದಿನಾ ಪರೀಕ್ಷೆ ಇಡ್ತಿದ್ರಿ. ಆಮೇಲೆ ಅದನ್ನೂ ನಾಲ್ಕು ಜನರ ಮುಂದೆ ಹೇಳಿ ನಗಿಸ್ತಿದ್ರಿ, ಸಜ್ಜಿಗೆದು ಹೇಳಿದ ಹಾಗೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಏನಾದರೂ ಎದುರು ಹೇಳುತ್ತಿದ್ದೆ. ಗ್ಯಾಸು ಸೋರಿದರೂ ತಿಳಿಯದ ಅಡುಗೆಮನೆಯಲ್ಲಿ ಮೂರು ತಿಂಗಳು ಒಬ್ಬಳೇ ನಿಂತವಳು, ಅದಕ್ಕಿಂತ ನನ್ನ ತಮಾಷೆಗೆ ಹೆಚ್ಚು ಹೆದರಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಲೋಕದ ಬೆರಳುಗಳನ್ನೆಲ್ಲ ಎಣಿಸುವ ನಾನು, ಮಂಚದ ಆ ಮಗ್ಗುಲಲ್ಲಿ ಮಲಗುವವಳು ಒಂದು ಇಂದ್ರಿಯವನ್ನೇ ಕಳೆದುಕೊಂಡದ್ದನ್ನು ನೋಡಿರಲಿಲ್ಲ.

ಡಾಕ್ಟರು ಪರೀಕ್ಷಿಸಿ, ಇದು ಬರಬಹುದು, ಬರದೆಯೂ ಇರಬಹುದು, ಆತುರ ಬೇಡ ಎಂದರು. ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ ಕಣ್ಣು ಮುಚ್ಚಿ, ಮನಸ್ಸಿಟ್ಟು ಮೂಸುವ ಅಭ್ಯಾಸ ಹೇಳಿಕೊಟ್ಟರು. ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ, ನೀಲಗಿರಿ ಎಣ್ಣೆ ಹಾಕಿದ ಹತ್ತಿ. ನಾಲ್ಕನ್ನೂ ಒಂದೇ ಥರದ ಡಬ್ಬಿಗಳಲ್ಲಿ ತುಂಬಿ, ಬೆಳಗ್ಗೆ ಕಾಫಿಯ ನಂತರ ಒಂದೊಂದಾಗಿ ಅವಳ ಕೈಗೆ ಕೊಡುವ ಕೆಲಸ ನನ್ನದಾಯಿತು. ಅವಳು ಮೂಸುತ್ತಾಳೆ, ತಿಳೀಲಿಲ್ಲ ಅನ್ನುತ್ತಾಳೆ, ನಾನು ಮುಂದಿನದನ್ನು ಕೊಡುತ್ತೇನೆ. ಒಂದು ತಿಂಗಳು ಬರೀ ತಿಳೀಲಿಲ್ಲ.

ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಒಂದು ಬೆಳಗ್ಗೆ, ಅವಳು ನಿಜವಾಗಿ ಮೂಸುತ್ತಿದ್ದಾಳೋ ಸುಮ್ಮನೆ ಶಾಸ್ತ್ರ ಮಾಡುತ್ತಿದ್ದಾಳೋ ಎಂಬ ಹುಳ ತಲೆಗೆ ಹೊಕ್ಕು, ಖಾಲಿ ಡಬ್ಬಿಯೊಂದನ್ನು ನಡುವೆ ಸೇರಿಸಿ ಕೊಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ ಅದನ್ನು ಅಂಗೈಯಲ್ಲಿ ಒಂದು ಸಲ ತೂಗಿ, ಮೂಗಿನ ತನಕವೂ ಒಯ್ಯದೆ ಕೆಳಗಿಟ್ಟಳು.

"ಲೂರ್ದಮ್ಮನ ಹತ್ರ ಹೋಗಿದ್ದು ಇದಕ್ಕೇ ಕಣ್ರೀ" ಅಂದಳು.

ಆ ದಿನ ಉಳಿದ ಡಬ್ಬಿಗಳನ್ನು ಅವಳು ಮುಟ್ಟಲಿಲ್ಲ. ಸಂಜೆ ನಾನೇ ಮೂರು ಸಲ ಕರೆದ ಮೇಲೆ ಬಂದು ಕುಳಿತಳು. ಇದನ್ನೆಲ್ಲ ಬರೆಯಲೇ ಎಂದು ಮೊನ್ನೆ ಕೇಳಿದಾಗ, ಖಾಲಿ ಡಬ್ಬಿಯದನ್ನೂ ಬರೆಯುವುದಾದರೆ ಬರೆಯಿರಿ, ಸಜ್ಜಿಗೆಯದನ್ನು ಬಿಡಿ ಎಂದಳು. ನ್ಯಾಯವಾದ ಕರಾರು.

ಹೋದ ಶನಿವಾರ ಗೋಡೆಯ ಬಳಿಯ ವ್ಯವಹಾರವೆಲ್ಲ ಮುಗಿದು, ಲೂರ್ದಮ್ಮನವರು ಮುಷ್ಟಿ ತೋರಿಸಿ ಒಳಗೆ ಹೋದ ಮೇಲೆ, ಎಂದಿನಂತೆ ಡಬ್ಬಿಗಳನ್ನು ಕೊಡತೊಡಗಿದೆ. ಎರಡನೆಯದನ್ನು ಪದ್ಮ ತುಸು ಹೆಚ್ಚು ಹೊತ್ತು ಹಿಡಿದುಕೊಂಡಳು. ಹುಬ್ಬು ಗಂಟಿಕ್ಕಿತು, ಮತ್ತೊಮ್ಮೆ ಮೂಸಿದಳು, ಕಣ್ಣು ತೆರೆಯದೆಯೇ, ಲವಂಗ ಅಲ್ವಾ, ಎಂದಳು. ಲವಂಗವೇ. ಆದರೆ ನಾಲ್ಕು ಡಬ್ಬಿಗಳಲ್ಲಿ ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುವುದು ಲವಂಗ ಒಂದೇ, ಮತ್ತು ಕೊಡುವಾಗ ನನ್ನ ಕೈ ಅಲುಗಿತ್ತು. ಕೇಳಿ ಹೇಳಿದಳೋ ಮೂಸಿ ಹೇಳಿದಳೋ ತಿಳಿಯುವುದು ಬಹಳ ಸುಲಭ, ಡಬ್ಬಿಯೊಳಗೆ ಒಂದು ಚೂರು ಹತ್ತಿ ತುರುಕಿ ಮತ್ತೊಮ್ಮೆ ಕೊಟ್ಟರಾಯಿತು. ಹತ್ತಿ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಕಣ್ಣು ಮುಚ್ಚಿಕೊಂಡು, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು.

ಸರಿ, ಲವಂಗವೇ, ಎಂದೆ. ಮುಂದಿನ ಡಬ್ಬಿಯನ್ನು ಕೊಟ್ಟೆ.